‘ರೆಗ್ಯುಲೇಟರಿ ಡೊಮೇನ್’: ನಿಯಂತ್ರಣ ವಲಯವೋ, ಕಟ್ಟಳೆ ಸೀಮೆಯೋ?

ಎಲ್ಲರಿಗೂ ನಮಸ್ಕಾರ.

ಕಂಪನಿಗಳ ಆವರಣದಲ್ಲಿ ವೈಫೈ ಮೆಶ್ ಜಾಲ (ವೈಫೈ ಪೆಟ್ಟಿಗೆಗಳು ತಂತಿಯಿಲ್ಲದೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಜಾಲ) ಕಟ್ಟುವ ತಂತ್ರಜ್ಞರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಬೆಂಗಳೂರು, ಜರ್ಮನಿ, ಅಮೆರಿಕ ಮೂರೂ ಕಡೆ ಒಂದೇ ಜಾಲ ಹೇಗೆ ಬದಲಾಗುತ್ತದೆ ಎಂದು ವಿವರಿಸುವಾಗ ‘ರೆಗ್ಯುಲೇಟರಿ ಡೊಮೇನ್’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ.

ವೈಫೈಗೆ ಯಾವ ಚಾನೆಲ್ (ರೇಡಿಯೊ ಆವರ್ತನದ ಒಂದು ತುಂಡು), ಎಷ್ಟು ಪ್ರಸಾರ ಶಕ್ತಿ, ಕಟ್ಟಡದೊಳಗೋ ಬಯಲಿನಲ್ಲೋ ಎಂಬುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮ. 2.4 ಗಿಗಾಹರ್ಟ್ಸ್‌ನಲ್ಲಿ ಅಮೆರಿಕದವರು ಬಳಸುವುದು 1ರಿಂದ 11ನೇ ಚಾನೆಲ್. ನಮ್ಮಲ್ಲೂ ಯುರೋಪಿನಲ್ಲೂ 13ರವರೆಗೆ. ಒಂದೇ ಬಗೆಯ ನಿಯಮಕ್ಕೆ ಒಳಪಟ್ಟ ದೇಶಗಳ ಗುಂಪೇ ಈ ಡೊಮೇನ್.

‘ನಿಯಂತ್ರಣ ವಲಯ’ ಎಂದು ಬರೆದೆ. ಓದಿದ ತಂತ್ರಜ್ಞರೊಬ್ಬರು ಅದನ್ನು ‘ಒಂದು ಕಂಟ್ರೋಲರ್ ನೋಡಿಕೊಳ್ಳುವ ಜಾಗ’ ಎಂದುಕೊಂಡರು. ಅವರದು ತಪ್ಪಲ್ಲ. ಸಾಧನಗಳನ್ನೆಲ್ಲ ನಿರ್ವಹಿಸುವ ಕಂಟ್ರೋಲರ್ ಎಂಬ ಪೆಟ್ಟಿಗೆ ಈ ಜಾಲಗಳಲ್ಲಿ ನಿಜವಾಗಿಯೂ ಇದೆ, ಅದನ್ನು ನಾನೇ ಹಿಂದಿನ ಪುಟದಲ್ಲಿ ‘ನಿಯಂತ್ರಕ’ ಎಂದಿದ್ದೆ. ಇಲ್ಲಿ ಬೇಕಿರುವುದು ಹಿಡಿತದ ಅರ್ಥವಲ್ಲ, ಕಾನೂನಿನ ಅರ್ಥ. ಅದಕ್ಕೇ ‘ಕಟ್ಟಳೆ ಸೀಮೆ’ ಎಂಬುದರ ಕಡೆ ನನ್ನ ಒಲವು. ‘ಸೀಮೆ’ಯಲ್ಲಿ ಎಲ್ಲೆಯೂ ಇದೆ, ಆ ಎಲ್ಲೆಯೊಳಗಿನ ನಾಡೂ ಇದೆ. ಆದರೆ ಸೀಮೆಎಣ್ಣೆ, ಸೀಮೆಸುಣ್ಣಗಳಿಂದಾಗಿ ‘ಪರದೇಶದ್ದು’ ಎಂಬ ಛಾಯೆ ಬಂದೀತೇ?

‘ಪರವಾನಗಿ ಮುಕ್ತ’ ಎಂಬ ಪದವೂ ಹೀಗೆಯೇ ದಾರಿ ತಪ್ಪಿಸುತ್ತದೆ. ಭಾರತ 2018ರಲ್ಲಿ 5150ರಿಂದ 5350, 5470ರಿಂದ 5875 ಮೆಗಾಹರ್ಟ್ಸ್‌ವರೆಗಿನ ಆವರ್ತನ ಪಟ್ಟಿಗಳನ್ನು (ಬ್ಯಾಂಡ್) ಪರವಾನಗಿಯಿಂದ ಬಿಡುಗಡೆ ಮಾಡಿತು. ಆದರೂ ಶಕ್ತಿಗೆ ಮಿತಿ ಇದ್ದೇ ಇದೆ. ಜರ್ಮನಿಯ ಬಯಲಿನಲ್ಲಿ ಕಂಬದಿಂದ ಕಂಬಕ್ಕೆ ಕೊಂಡಿ ಹಾಕಲು ಸಾಮಾನ್ಯವಾಗಿ ಸಿಗುವುದು 5470–5725. ಅದಕ್ಕೂ ಪರವಾನಗಿ ಬೇಡ, ಆದರೆ ಅದೇ ಪಟ್ಟಿಯಲ್ಲಿ ರೇಡಾರ್ ಇದೆಯೇ ಎಂದು ಮೊದಲು ಕನಿಷ್ಠ 60 ಸೆಕೆಂಡು ಆಲಿಸಲೇಬೇಕು. ಆಮೇಲೆ ಯಾವಾಗ ರೇಡಾರ್ ಕಂಡರೂ 10 ಸೆಕೆಂಡಿನೊಳಗೆ ಚಾನೆಲ್ ಬಿಡಬೇಕು. ಮೆಶ್‌ನಲ್ಲಿ ಒಂದು ಕಂಬ ಚಾನೆಲ್ ಬಿಟ್ಟರೆ ಅದರ ಹಿಂದಿನ ಸಾಲೆಲ್ಲ ಅಲುಗಾಡುತ್ತದೆ. ಅಮೆರಿಕದ 5725–5850ರಲ್ಲಿ ಈ ಕಾವಲಿಲ್ಲ. ‘ಮುಕ್ತ’ ಎಂದು ಓದಿದವರಿಗೆ ಇದು ಹೊಳೆಯುವುದು ಹೇಗೆ? ‘ಪರವಾನಗಿ ಬೇಡದ, ಕಟ್ಟಳೆ ಇರುವ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಿಲ್ಲ.

‘ಮೆಶ್’ ಅನ್ನು ಹಾಗೇ ಬಿಡೋಣವೆನಿಸುತ್ತದೆ, ಎಲ್ಲರ ಬಾಯಲ್ಲೂ ಅದೇ ಇದೆ. ‘ಜಾಲರಿ’ ಎಂದರೆ ಕಿಟಕಿಗೆ ಬಡಿದ ತಂತಿ ಕಣ್ಣಮುಂದೆ ಬರುತ್ತದೆ. ಈ ಜಾಲವೋ ಕೊಂಡಿ ಕಡಿದಾಗ ತಾನೇ ಮರಳಿ ಹೆಣೆದುಕೊಳ್ಳುವಂಥದ್ದು. ಹಾಗಾಗಿ ಕ್ರಿಯಾಪದವಾಗಿ ‘ಹೆಣೆ’ ಚೆನ್ನಾಗಿ ಒದಗುತ್ತದೆ. ಜಾಲದ ಒಂದೊಂದು ಸಾಧನವಾದ ‘ನೋಡ್’ಗೆ ‘ಗಂಟು’ ಇನ್ನೂ ಚೆಂದ: ಅದರ ಲ್ಯಾಟಿನ್ ಮೂಲದ ಅರ್ಥವೂ ಗಂಟೇ, ಬಲೆ ನೇಯುವವರ ಮಾತೂ ಅದೇ.

ಕಟ್ಟಳೆ ಸೀಮೆ, ಕಟ್ಟಳೆ ವಲಯ, ನಿಯಮ ವಲಯ: ಇವುಗಳಲ್ಲಿ ಕಂಬ ಹತ್ತಿ ನಿಂತವರಿಗೆ ಒಂದೇ ಓದಿಗೆ ಹಿಡಿಸುವುದು ಯಾವುದು? ತಂತಿ, ಟೆಲಿಫೋನ್ ಇಲಾಖೆಗಳಲ್ಲಿ ದುಡಿದ ಹಿರಿಯರು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.