ಹಳೆಯ ಲಾರಿಗಳ ಸಂಘ ಕಟ್ಟುವವರು ಮೊದಲು ಉಳಿಸಬೇಕಾದದ್ದು ಯಾವುದನ್ನು?

ಉದ್ದದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಳೆಯ ಲಾರಿಗಳ ಮೇಲೆ ಅಕ್ಕರೆಯಿರುವ ನಾವು ಹನ್ನೊಂದು ಜನ ಸೇರಿ ಒಂದು ಸಂಘವನ್ನು ಕಟ್ಟಲು ಹೊರಟಿದ್ದೇವೆ. ನಮ್ಮಲ್ಲಿ ಮೂವರು ಲಾರಿ ಓಡಿಸಿಯೇ ಸಂಸಾರ ನಡೆಸಿದವರು, ಒಬ್ಬರು ಲಾರಿಗೆ ಮರದ ಬಾಡಿ ಕಟ್ಟುತ್ತಿದ್ದ ಬಡಗಿ, ಉಳಿದವರು ನನ್ನ ಹಾಗೆ ದೂರದಿಂದ ನೋಡಿ ಮರುಳಾದವರು. ಹಳೆಯ ಕಾರನ್ನು ಜೋಪಾನ ಮಾಡುವವರಿಗೆ ಎಲ್ಲೂ ಕೊರತೆಯಿಲ್ಲ. ಲಾರಿಯನ್ನಾದರೋ ಮೈಮುರಿಯುವವರೆಗೆ ದುಡಿಸಿಕೊಂಡು, ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವುದೇ ರೂಢಿಯಾಗಿರುವುದರಿಂದ ಉಳಿದಿರುವುದೇ ಕೆಲವು.

ಅಂಥದೊಂದು ಲಾರಿ ಈಗ ನಮ್ಮ ಕಣ್ಣಮುಂದಿದೆ. ಕ್ಯಾಬಿನ್ನಿನ ಮುಂದೆ ಎಂಜಿನ್ ಇರುವ ಉದ್ದ ಮೂಗಿನ ಮಾದರಿ. ವಯಸ್ಸು ಐವತ್ತು ದಾಟಿದೆ. ಮೊದಲು ಸರಕು ಸಾಗಿಸುತ್ತಿದ್ದ ಅದರ ಮರದ ಬಾಡಿಯನ್ನು ಯಾವುದೋ ಕಾಲದಲ್ಲಿ ಕಳಚಿ, ಕೆಟ್ಟು ನಿಂತ ವಾಹನಗಳನ್ನು ಎತ್ತಿ ಎಳೆಯುವ ಕ್ರೇನನ್ನು ಕೂರಿಸಿದ್ದಾರೆ. ಹದಿನೆಂಟು ವರ್ಷಗಳಿಂದ ತಗಡಿನ ಶೆಡ್ಡೊಂದರಲ್ಲಿ ಕದಲದೆ ನಿಂತಿರುವ ಅದನ್ನು ಸಂಘಕ್ಕೆ ಕೊಟ್ಟುಬಿಡಲು ಮಾಲೀಕರು ಒಪ್ಪಿದ್ದಾರೆ. ಅದನ್ನು ಸಂಘವೇ ಇಟ್ಟುಕೊಳ್ಳಬೇಕೋ ಬೇಡವೋ, ಕ್ರೇನನ್ನು ತೆಗೆದು ಹಳೆಯ ಬಾಡಿಯನ್ನು ಮತ್ತೆ ಕಟ್ಟಿಸಬೇಕೋ ಅಥವಾ ಇರುವಂತೆಯೇ ಬಿಡಬೇಕೋ ಎಂಬುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ಮುಂದಿನ ಭಾನುವಾರ ಬ್ಯಾಟರಿ ತಂದು ಎಂಜಿನ್ನಿಗೆ ಜೀವ ಕೊಡೋಣ ಎಂದು ಕೆಲವರು ಅವಸರ ಮಾಡುತ್ತಿದ್ದಾರೆ. ಅನುಭವವಿದ್ದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಪಾನಾಪೆಟ್ಟಿಗೆ

ಉದ್ದದಾರಿಯವರೇ, ಉಳಿದ ಪ್ರಶ್ನೆಗಳಿಗೆ ಬೇರೆಯವರು ಉತ್ತರಿಸಲಿ. ನಾನು ಭಾನುವಾರದ ವಿಷಯವನ್ನಷ್ಟೇ ಹೇಳುತ್ತೇನೆ: ದಯವಿಟ್ಟು ಬ್ಯಾಟರಿಯನ್ನು ತರಬೇಡಿ.

ಹದಿನೆಂಟು ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಆ ಸ್ಥಿತಿಯಲ್ಲಿ ಸ್ಟಾರ್ಟರಿನ ಬಲದಿಂದ ಎಳೆದರೆ, ಒಂದು ವಾರದ ತಾಳ್ಮೆಯಿಂದ ಉಳಿಯಬಹುದಾಗಿದ್ದ ಎಂಜಿನ್ನು ಒಂದು ಕ್ಷಣದಲ್ಲಿ ಹಾಳಾಗುತ್ತದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಹಾಕಿ, ಕೆಲವು ದಿನ ನೆನೆಯಲು ಬಿಡಿ. ಎಂಜಿನ್ನಿನ ತಳದ ಸಂಪಿನಲ್ಲಿರುವ ಹಳೆಯ ಆಯಿಲನ್ನು ಇಳಿಸುವಾಗ ಮೊದಲು ನೀರು ಬರುತ್ತದೆಯೇ ಎಂದು ನೋಡಿ. ಬಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿ ನೋಡದೆ ಮುಂದುವರಿಯುವುದು ಬೇಡ. ಆಮೇಲೆ ಎಂಜಿನ್ನನ್ನು ಕೈಯಿಂದ, ಉದ್ದ ಹಿಡಿಯ ಪಾನಾದಿಂದ, ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟೇ ಆಡಿಸುತ್ತಾ ಬಿಡಿಸಿಕೊಳ್ಳಬೇಕು. ಡೀಸೆಲ್ ಟ್ಯಾಂಕಿನ ತಳದಲ್ಲಿ ಕೂತ ಕೆಸರನ್ನು ತೊಳೆದು, ಫಿಲ್ಟರುಗಳನ್ನು ಬದಲಾಯಿಸುವುದು ಹೇಗೂ ಇದ್ದೇ ಇದೆ.

ಇಷ್ಟೆಲ್ಲ ಮಾಡಿದ ಮೇಲೂ, ಮೊದಲ ಬಾರಿ ಸ್ಟಾರ್ಟ್ ಮಾಡುವಾಗ ಒಬ್ಬರು ಗಾಳಿ ಒಳಹೋಗುವ ಬಾಯಿಯ ಪಕ್ಕದಲ್ಲಿ ಒಂದು ಚಪ್ಪಟೆ ಹಲಗೆಯನ್ನು ಹಿಡಿದು ನಿಂತಿರಬೇಕು. ಡೀಸೆಲ್ ಪಂಪಿನೊಳಗೆ ಇಂಧನದ ಪ್ರಮಾಣವನ್ನು ಹಿಡಿತದಲ್ಲಿಡುವ ರ‍್ಯಾಕು ಪೂರ್ತಿ ತೆರೆದ ಸ್ಥಿತಿಯಲ್ಲಿ ಅಂಟಿಕೊಂಡಿದ್ದರೆ, ಎಂಜಿನ್ನಿನ ವೇಗ ತಡೆಯಿಲ್ಲದೆ ಏರುತ್ತಲೇ ಹೋಗುತ್ತದೆ. ಡೀಸೆಲ್ ಉರಿಯಲು ಕಿಡಿಯ ಅಗತ್ಯವಿಲ್ಲದ್ದರಿಂದ ಕೀಲಿಯನ್ನು ತಿರುಗಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಉಸಿರು ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಆ ಹಲಗೆಯನ್ನು ನಾನು ಜೀವಮಾನದಲ್ಲಿ ಒಮ್ಮೆ ಮಾತ್ರ ಬಳಸಿದ್ದೇನೆ. ಅಂದು ಅದು ಕೈಯಲ್ಲಿರದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ಮೈ ಬೆವರುತ್ತದೆ.

ಎಂಜಿನ್ ಓಡಿತೆಂದು ಲಾರಿಯನ್ನು ರಸ್ತೆಗೆ ಇಳಿಸಬೇಡಿ. ಗಾಳಿ ಸೋರಿದಾಗ ತಾನಾಗಿ ಹಿಡಿದುಕೊಳ್ಳುವ ಸ್ಪ್ರಿಂಗ್ ಬ್ರೇಕು ಹಳೆಯ ಏರ್ ಬ್ರೇಕಿನ ಲಾರಿಗಳಲ್ಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಅಲ್ಲಿ ಗಾಳಿ ಹೋಯಿತೆಂದರೆ ಬ್ರೇಕೂ ಹೋಯಿತು. ಹಳೆಯ ಬ್ರೇಕ್ ಲೈನರಿನಲ್ಲಿ ಕಲ್ನಾರು ಇರುವುದರಿಂದ, ಡ್ರಮ್ಮಿನೊಳಗಿನ ಧೂಳನ್ನು ಕಂಪ್ರೆಸರಿನ ಗಾಳಿಯಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನೂ ಒಣಗಿದ ಸ್ಥಿತಿಯಲ್ಲಿ ಉಜ್ಜಬಾರದು.

ಕಡತಪ್ರಿಯ

ಪಾನಾಪೆಟ್ಟಿಗೆಯವರ ಎಚ್ಚರಿಕೆಗೆ ನನ್ನದೊಂದು ಸೇರ್ಪಡೆ: ಒಂದು ಬೋಲ್ಟನ್ನೂ ಬಿಚ್ಚುವ ಮೊದಲು, ಒಂದು ಬಕೆಟ್ ನೀರನ್ನೂ ಸುರಿಯುವ ಮೊದಲು, ಲಾರಿಯನ್ನು ಇರುವ ಸ್ಥಿತಿಯಲ್ಲೇ ಎಲ್ಲ ಮಗ್ಗುಲಿನಿಂದ, ಅಳತೆಪಟ್ಟಿ ಕಾಣುವಂತೆ ಹಿಡಿದು, ಚಿತ್ರ ತೆಗೆಯಿರಿ. ಸೀಟಿನ ಅಡಿಯ ಪೆಟ್ಟಿಗೆಯನ್ನು ಯಾರೂ ಗುಡಿಸದಿರಲಿ. ಅಲ್ಲಿ ಸಿಗುವ ಎಣ್ಣೆ ಹತ್ತಿದ ಟ್ರಿಪ್ ಶೀಟು, ಹರಿದ ರಸೀದಿ, ಗೀಚಿದ ಲೆಕ್ಕ ಇವೆಲ್ಲ ಆ ಲಾರಿಯ ದಿನಚರಿಯೇ ಆಗಿರುತ್ತವೆ.

ಈಗ ಕ್ರೇನಿನ ಪ್ರಶ್ನೆಗೆ ಬರುತ್ತೇನೆ. ಕಾರು ಕಾರ್ಖಾನೆಯಿಂದ ಪೂರ್ತಿ ರೂಪದಲ್ಲಿ ಹೊರಬರುತ್ತದೆ; ಆದ್ದರಿಂದ ಅದರ ಮೂಲರೂಪ ಯಾವುದೆಂಬುದರಲ್ಲಿ ಹೆಚ್ಚು ಗೊಂದಲವಿಲ್ಲ. ಲಾರಿ ಹಾಗಲ್ಲ. ಕಾರ್ಖಾನೆ ಎಷ್ಟೋ ಬಾರಿ ಚಾಸಿ (ಲಾರಿಯ ಅಡಿಚೌಕಟ್ಟು) ಮತ್ತು ಎಂಜಿನ್ನನ್ನಷ್ಟೇ ಕೊಡುತ್ತಿತ್ತು, ಬಾಡಿಯನ್ನು ಬೇರೆಯವರು ಕಟ್ಟುತ್ತಿದ್ದರು, ಕೊಂಡವನು ತನ್ನ ಕೆಲಸಕ್ಕೆ ತಕ್ಕಂತೆ ಮತ್ತೆ ಮತ್ತೆ ಬದಲಾಯಿಸುತ್ತಿದ್ದನು. ಹೀಗಿರುವಾಗ ಯಾವ ದಿನದ ರೂಪವನ್ನು ಮೂಲವೆಂದು ಕರೆಯುತ್ತೀರಿ? ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಫಿರಂಗಿ ಎಳೆಯಲು ಬಳಸಿದ ಎಇಸಿ ಕಂಪನಿಯ ಮ್ಯಾಟಡೋರ್ ಲಾರಿಗಳನ್ನೇ ನೋಡಿ. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಅನೇಕವು ಗ್ಯಾರೇಜುಗಳ ಪಾಲಾಗಿ, ಕ್ರೇನು ಹೊತ್ತು, ಸೇನೆಯಲ್ಲಿ ಕಳೆದದ್ದಕ್ಕಿಂತ ಹೆಚ್ಚು ವರ್ಷಗಳನ್ನು ಕೆಟ್ಟ ವಾಹನಗಳನ್ನು ಎಳೆಯುವುದರಲ್ಲಿ ಕಳೆದವು; ಇನ್ನು ಕೆಲವು ಕಾಡಿನಲ್ಲಿ ಮರದ ದಿಮ್ಮಿಗಳನ್ನು ಎಳೆದವು. ಅವಕ್ಕೆ ಮತ್ತೆ ಸೇನೆಯ ಹಸಿರು ಬಳಿದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ನಿಜ; ಆದರೆ ಅವು ದುಡಿದ ಕಾಲದ ಬಹುಭಾಗವೇ ಅಳಿಸಿಹೋಗುತ್ತದೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 1966ರಲ್ಲಿ ಸ್ಥಾಪನೆಯಾಯಿತು. ಕನಿಷ್ಠ 30 ವರ್ಷ ತುಂಬಿದ, ಚರಿತ್ರೆಗೆ ನಿಷ್ಠವಾದ ಸ್ಥಿತಿಯಲ್ಲಿರುವ, ದಿನನಿತ್ಯದ ಓಡಾಟಕ್ಕೆ ಬಳಸದ ವಾಹನವನ್ನು ಅದು ಐತಿಹಾಸಿಕ ವಾಹನವೆಂದು ಪರಿಗಣಿಸುತ್ತದೆ. 2012ರಲ್ಲಿ ಅದು ಒಪ್ಪಿಕೊಂಡ ಟ್ಯೂರಿನ್ ಸನ್ನದು, ವಾಹನವು ತನ್ನ ಬಾಳಿನಲ್ಲಿ ಪಡೆದ ಗುರುತುಗಳನ್ನು ಗೌರವಿಸಬೇಕೆಂದೂ, ಹೊಸದಾಗಿ ಹಾಕಿದ ಭಾಗಗಳನ್ನು ಮುಂದಿನವರು ಗುರುತಿಸುವಂತೆ ಶಾಶ್ವತ ಗುರುತು ಹಾಕಬೇಕೆಂದೂ ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಕ್ರೇನು ಉಳಿಯಲಿ. ಬಣ್ಣದ ವಿಷಯದಲ್ಲಿಯೂ ಅಷ್ಟೇ: ಬಾಗಿಲಿನ ಮೇಲೆ ಅಂಗೈಯಗಲದ ಒಂದು ಜಾಗವನ್ನು ನಯವಾದ ನೀರುಕಾಗದದಿಂದ (ನೀರು ಹಾಕಿ ಬಳಸುವ ಉಜ್ಜುಕಾಗದ) ಒದ್ದೆಯಾಗಿಯೇ, ಮೆಲ್ಲಗೆ ಉಜ್ಜಿದರೆ ಒಂದರ ಕೆಳಗೊಂದು ಪದರಗಳು ತೆರೆದುಕೊಂಡು, ಕೆಲವೊಮ್ಮೆ ಹಿಂದಿನ ಮಾಲೀಕರ ಹೆಸರಿನ ಅಕ್ಷರಗಳೂ ಕಾಣಿಸುತ್ತವೆ.

ಇದೆಲ್ಲಕ್ಕಿಂತ ತುರ್ತಾದದ್ದು ನಿಮ್ಮ ಮೂವರು ಚಾಲಕರ ಮತ್ತು ಆ ಬಡಗಿಯವರ ಮಾತು. ಕಬ್ಬಿಣ ಇನ್ನೂ ಹತ್ತು ವರ್ಷ ಕಾಯುತ್ತದೆ, ನೆನಪು ಕಾಯುವುದಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ "ಆ ಕಾಲ ಹೇಗಿತ್ತು" ಎಂದು ಕೇಳಿದರೆ ಚೆನ್ನಾಗಿತ್ತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದೇ ಲಾರಿಯ ಕ್ಯಾಬಿನ್ನಿಗೆ ಹತ್ತಿಸಿ, ಇಳಿಜಾರಿನಲ್ಲಿ ಯಾವ ಗೇರು ಹಾಕುತ್ತಿದ್ದಿರಿ, ಹಿಂದೆ ಲೋಡು ಜರುಗಿದ್ದು ಹೇಗೆ ತಿಳಿಯುತ್ತಿತ್ತು, ಹಗ್ಗದ ಗಂಟು ಎಂಥದ್ದು ಎಂದು ಕೇಳಿ ನೋಡಿ. ಕೈ ತಾನಾಗಿ ಗೇರಿನ ಮೇಲೆ ಹೋಗುತ್ತದೆ, ಮಾತು ಹಿಂದೆಯೇ ಬರುತ್ತದೆ. ಮೂಟೆ ಹೊರುವವರನ್ನೂ ಮರೆಯಬೇಡಿ. ಲಾರಿ ಸಾಗಣೆದಾರನಾಗಿದ್ದ ಮಾಲ್ಕಮ್ ಮ್ಯಾಕ್‌ಲೀನ್ 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ 58 ಕಂಟೇನರುಗಳನ್ನು ಅಮೆರಿಕದ ನ್ಯೂವರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದ ಮೇಲೆ, ಸರಕನ್ನು ಒಂದೊಂದಾಗಿ ಹೊತ್ತು ಏರಿಸುವ ಕಸುಬು ಬಂದರಿನಿಂದ ಬಂದರಿಗೆ ಕರಗುತ್ತಾ ಬಂದಿತು. ಅದನ್ನು ಬಲ್ಲವರ ಮಾತು ಯಾವ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ.

ಡಬಲ್‌ಕ್ಲಚ್

ಕಡತಪ್ರಿಯರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಕಾಗದ, ಚಿತ್ರ, ಧ್ವನಿ ಎಲ್ಲವೂ ಇರಲಿ. ಆದರೆ ಲಾರಿ ಓಡಲೇಬೇಕು. 1916ರಿಂದ 1939ರವರೆಗೆ ತಯಾರಾದ, ಅಮೆರಿಕದ ಮ್ಯಾಕ್ ಕಂಪನಿಯ ಎಸಿ ಎಂಬ ಮಾದರಿಯ ಲಾರಿಯಲ್ಲಿ ಹಿಂದಿನ ಚಕ್ರಗಳನ್ನು ಸರಪಳಿಗಳು ತಿರುಗಿಸುತ್ತಿದ್ದವು. ಆ ಸರಪಳಿಯ ಗೋಳು ಎಂಥದ್ದೆಂದು ನಿಂತ ಲಾರಿಯ ಮುಂದಿನ ಫಲಕ ಓದಿದವರಿಗೆ ತಿಳಿಯುವುದೇ?

ಗೇರುಗಳ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೊಮೆಶ್ ಇಲ್ಲದ ಗೇರ್ ಬಾಕ್ಸನ್ನು ಓಡಿಸುವ ವಿದ್ಯೆಯೂ ಪರಂಪರೆಯೇ. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಗೇರು ಇಳಿಸುವುದಾದರೆ ಆ ಕ್ಷಣದಲ್ಲಿ ಎಂಜಿನ್ನಿನ ವೇಗವನ್ನು ತಕ್ಕಷ್ಟು ಏರಿಸಿ, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಆ "ತಕ್ಕಷ್ಟು" ಎಷ್ಟೆಂಬುದನ್ನು ಕಿವಿಯೇ ಹೇಳಬೇಕು. ಇದನ್ನು ಬರೆದಿಟ್ಟು ಉಳಿಸಲಾಗದು. ಬಲ್ಲವರು ಪಕ್ಕದಲ್ಲಿ ಕೂತು, ಖಾಲಿ ಮೈದಾನದಲ್ಲಿ, ಹೊಸಬರ ಕೈಯಲ್ಲಿ ಗೇರು ಗರಗರ ಎನ್ನುವುದನ್ನು ಸಹಿಸಿಕೊಂಡು ಕಲಿಸಬೇಕು. ನಿಮ್ಮ ಸಂಘ ವರ್ಷಕ್ಕೆ ಇಬ್ಬರಿಗೆ ಇದನ್ನು ಕಲಿಸಿದರೂ ನನ್ನ ದೃಷ್ಟಿಯಲ್ಲಿ ಅದು ಹತ್ತು ಲಾರಿಗಳಿಗೆ ಬಣ್ಣ ಬಳಿದದ್ದಕ್ಕಿಂತ ದೊಡ್ಡ ಕೆಲಸ. ಕ್ರೇನಿನ ಬಗ್ಗೆ ನನಗೆ ಹಠವಿಲ್ಲ.

ನಾಲ್ಕನೇಮೈಲಿ

ಸಂಘವೇ ಲಾರಿಯನ್ನು ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಬೇಡ ಎಂಬುದು ನನ್ನ ಸಲಹೆ. ಕನಿಷ್ಠ ಮೊದಲ ಕೆಲವು ವರ್ಷ ಬೇಡ.

ನಾನು ಇದ್ದ ಸಂಘವೊಂದು ಹುರುಪಿನಲ್ಲಿ ಎರಡೇ ವರ್ಷಗಳಲ್ಲಿ ನಾಲ್ಕು ಲಾರಿಗಳನ್ನು ಸೇರಿಸಿಕೊಂಡಿತು. ಅವುಗಳನ್ನು ನಿಲ್ಲಿಸುವ ಜಾಗದ ಬಾಡಿಗೆಯೇ ಸದಸ್ಯರ ಚಂದಾವನ್ನೆಲ್ಲ ನುಂಗಿ, ಗ್ರೀಸು ಕೊಳ್ಳಲೂ ಹಣ ಉಳಿಯಲಿಲ್ಲ. ಜಾಗವನ್ನು ತೆರವು ಮಾಡಬೇಕಾಗಿ ಬಂದಾಗ, ಎರಡು ಲಾರಿಗಳ ಕಾಗದಪತ್ರ ಯಾರ ಹೆಸರಿನಲ್ಲಿವೆ ಎಂದೇ ಯಾರಿಗೂ ತಿಳಿಯಲಿಲ್ಲ. ಉಳಿಸುತ್ತೇವೆಂದು ಮಾತು ಕೊಟ್ಟು ತಂದ ಆ ಲಾರಿಗಳು ಕೊನೆಗೆ ನಮ್ಮ ಕೈಯಿಂದಲೇ ಗುಜರಿಗೆ ಹೋದವು. ಕಾರಿಗೆ ಮನೆಯ ಅಂಗಳ ಸಾಕು; ಲಾರಿಗೆ ಅದರ ಉದ್ದದಷ್ಟೇ ಅಲ್ಲ, ಅದು ತಿರುಗುವಷ್ಟು ಜಾಗ ಬೇಕು ಎಂಬುದು ನಮಗೆ ತಡವಾಗಿ ಅರ್ಥವಾಯಿತು.

ಬ್ರಿಟನ್ನಿನಲ್ಲಿ ಹಿಸ್ಟಾರಿಕ್ ಕಮರ್ಷಿಯಲ್ ವೆಹಿಕಲ್ ಸೊಸೈಟಿಯ ಆರಂಭ 1958ರಷ್ಟು ಹಿಂದಿನದು, ಅಮೆರಿಕದ ಅಮೆರಿಕನ್ ಟ್ರಕ್ ಹಿಸ್ಟಾರಿಕಲ್ ಸೊಸೈಟಿ 1971ರಲ್ಲಿ ಸ್ಥಾಪನೆಯಾದದ್ದು. ಇಂಥ ಸಂಘಗಳ ಬೆನ್ನೆಲುಬು ತಮ್ಮ ತಮ್ಮ ಲಾರಿಗಳನ್ನು ತಾವೇ ಸಾಕುವ ಸದಸ್ಯರು. ಸಂಘ ಅವರಿಗೆ ಮಾಹಿತಿ, ಸಂಪರ್ಕ ಮತ್ತು ಸೇರಲು ಒಂದು ನೆಪವನ್ನು ಒದಗಿಸುತ್ತದೆ. 1962ರಿಂದ ನಡೆದುಬಂದಿರುವ ಲಂಡನ್–ಬ್ರೈಟನ್ ಹಳೆಯ ಲಾರಿ-ಬಸ್ಸುಗಳ ಓಟ ಅಂಥ ನೆಪ. ದಿನ ಗೊತ್ತಾಗಿದ್ದರೆ ಅರ್ಧಕ್ಕೆ ನಿಂತ ಗೇರ್ ಬಾಕ್ಸಿನ ಕೆಲಸ ಹೇಗೋ ಮುಗಿಯುತ್ತದೆ. ದಿನವಿಲ್ಲದಿದ್ದರೆ ಅದು ಬೆಂಚಿನ ಮೇಲೆಯೇ ಹಳತಾಗುತ್ತದೆ.

ಈ ಲಾರಿಯನ್ನು ನಿಮ್ಮಲ್ಲೊಬ್ಬರು ತಮ್ಮ ಹೆಸರಿಗೆ ಬರೆಸಿಕೊಳ್ಳಲಿ. ಅವರ ನಂತರ ಅದು ಯಾರಿಗೆ ಸೇರಬೇಕೆಂಬುದನ್ನೂ ಆಗಲೇ ಬರೆದಿಡಲಿ. ಸಂಘವು ಬಿಡಿಭಾಗಗಳ ಪಟ್ಟಿ, ಒಟ್ಟಾಗಿ ಟೈರು ತರಿಸುವ ವ್ಯವಸ್ಥೆ, ಕೈಪಿಡಿಗಳ ಪ್ರತಿಗಳು ಇಂಥವನ್ನು ನೋಡಿಕೊಳ್ಳಲಿ.

ಉದ್ದದಾರಿ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಬ್ಯಾಟರಿಯ ಬದಲು ಕ್ಯಾಮೆರಾ ಮತ್ತು ಅಳತೆಪಟ್ಟಿಯನ್ನು ತೆಗೆದುಕೊಂಡು ಹೋದೆವು. ಕ್ರೇನಿನ ತಳಹದಿಯ ಅಕ್ಕಪಕ್ಕದಲ್ಲಿ, ಚಾಸಿಯ ಮೇಲೆ, ಹಳೆಯ ಮರದ ಬಾಡಿಯನ್ನು ಬಿಗಿದಿದ್ದ ಬೋಲ್ಟುಗಳ ತೂತುಗಳು ಹಾಗೆಯೇ ಇವೆ. ಬಡಗಿಯವರು ತೂತುಗಳ ನಡುವಿನ ಅಂತರವನ್ನು ಅಳೆದು, ಅಡ್ಡತೊಲೆಗಳು ಎಲ್ಲೆಲ್ಲಿದ್ದವು, ಬಾಡಿ ಎಷ್ಟು ಉದ್ದವಿತ್ತು ಎಂಬುದನ್ನು ಅಲ್ಲೇ ರಟ್ಟಿನ ಮೇಲೆ ಬರೆದು ತೋರಿಸಿದರು. ಬಾಡಿಯನ್ನು ಕಾಗದದ ಮೇಲೆ ಕಟ್ಟಿ, ಕ್ರೇನನ್ನು ಹಾಗೆಯೇ ಬಿಡುವುದೆಂದು ಒಪ್ಪಿಕೊಂಡಿದ್ದೇವೆ. ಲಾರಿ ನಮ್ಮ ಹಿರಿಯ ಚಾಲಕರೊಬ್ಬರ ಹೆಸರಿಗೆ ಆಗಲಿದೆ.

ಒಂದು ಸಂದೇಹ ಉಳಿದಿದೆ. ಟೈರುಗಳು ಬಿರುಕುಬಿಟ್ಟಿದ್ದರೂ ಹಿಂದಿನ ಜೋಡಿ ಚಕ್ರಗಳಲ್ಲಿ ಇನ್ನೂ ಗಾಳಿಯಿದೆ. ರಿಮ್ಮಿನ ಅಂಚಿನಲ್ಲಿ ಬಿಡಿಯಾದ ಬಳೆಯಂಥ ಭಾಗ ಕಾಣುತ್ತದೆ. ಜಾಕ್ ಕೊಟ್ಟು ಚಕ್ರಗಳನ್ನು ಬಿಚ್ಚಬಹುದೇ?

ಪಾನಾಪೆಟ್ಟಿಗೆ

ಆ ಬಳೆಯೇ ಟೈರನ್ನು ರಿಮ್ಮಿನ ಮೇಲೆ ಹಿಡಿದಿಡುವ ಲಾಕ್ ರಿಂಗು. ಗಾಳಿಯ ಒತ್ತಡದಲ್ಲಿ ಅದು ಜಾರಿ ಸಿಡಿದರೆ ಎದುರಿಗಿದ್ದವರ ಜೀವ ತೆಗೆಯುತ್ತದೆ. ಹದಿನೆಂಟು ವರ್ಷದ ತುಕ್ಕಿನ ಮೇಲೆ ನಂಬಿಕೆ ಇಡುವಂತಿಲ್ಲ. ಚಕ್ರದ ಒಂದು ನಟ್ಟನ್ನೂ ಸಡಿಲಿಸುವ ಮೊದಲು, ಚಕ್ರದ ಎದುರಿಗೆ ನಿಲ್ಲದೆ, ಬದಿಯಿಂದ ಕೈ ಚಾಚಿ, ಜೋಡಿಯ ಎರಡೂ ಟೈರುಗಳ ವಾಲ್ವಿನೊಳಗಿನ ಪಿನ್ನನ್ನು ಬಿಚ್ಚಿ ಗಾಳಿಯನ್ನು ಪೂರ್ತಿಯಾಗಿ ಬಿಡಿ. ಸದ್ದು ನಿಂತ ಮೇಲೆ ವಾಲ್ವಿನೊಳಗೆ ತೆಳು ತಂತಿಯನ್ನು ತೂರಿಸಿ, ಕಸ ಕಟ್ಟಿಕೊಂಡು ಗಾಳಿ ಒಳಗೇ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಜಾಕ್ ಕೊಟ್ಟು, ಆಕ್ಸಲಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು ಚಕ್ರ ಇಳಿಸಿ. ಒಂದು ರಿಮ್ಮಿನ ರಿಂಗನ್ನು ಇನ್ನೊಂದಕ್ಕೆ ಅದಲುಬದಲು ಮಾಡಬೇಡಿ. ಬಿಚ್ಚುವಾಗಲೇ ರಿಮ್ಮಿಗೂ ಅದರದೇ ರಿಂಗಿಗೂ ಒಂದೇ ಗುರುತು ಹಾಕಿ. ಮುಂದೆ ಹೊಸ ಟೈರಿಗೆ ಗಾಳಿ ತುಂಬಿಸುವಾಗ ಕಬ್ಬಿಣದ ಪಂಜರವಿರುವ ಟೈರ್ ಅಂಗಡಿಗೇ ಒಯ್ಯಿರಿ, ಶೆಡ್ಡಿನಲ್ಲಿ ತುಂಬಿಸಬೇಡಿ.