ಕ್ರೌನ್ ಆಯಿಲ್ ಇಳಿಸಿ ಕೂತಿದ್ದೇನೆ, ಮೇಲಿನ ಪ್ಲಗ್ ಬಿಚ್ಚುತ್ತಿಲ್ಲ!

ಅಡಿಕೆಗಾಡಿ (ಶನಿವಾರ, ಬೆಳಿಗ್ಗೆ 11:20)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್. ನಮ್ಮದು ಸಾಗರದ ಹತ್ತಿರ ಹಳ್ಳಿ. ಗಾಡಿ ಸಾದಾ ಡೀಸೆಲ್ ಪಿಕಪ್, ಫೋರ್ ವೀಲ್ ಡ್ರೈವ್ ಅಲ್ಲ. 9 ವರ್ಷ ಹಳೇದು, 1,40,000 ಕಿ.ಮೀ. ಓಡಿದೆ. ಸೆಕೆಂಡ್ ಹ್ಯಾಂಡ್ ತಗೊಂಡು 2 ವರ್ಷ ಆಯಿತು. ಅಡಿಕೆ, ಗೊಬ್ಬರ, ಕಲ್ಲು ಎಲ್ಲ ಹೊತ್ತಿದೆ.

ಎಂಜಿನ್ ಆಯಿಲ್ ನಾನೇ ಬದಲಾಯಿಸುತ್ತೇನೆ. ಇವತ್ತು ಕ್ರೌನ್ ಆಯಿಲನ್ನೂ, ಅಂದರೆ ಹಿಂದಿನ ಆಕ್ಸಲ್ ನಡುವಿನ ಗೇರ್ ಹೌಸಿಂಗ್‌ನ ಆಯಿಲನ್ನೂ, ಮನೆಯಲ್ಲೇ ಮುಗಿಸೋಣ ಅಂತ ಹೊರಟೆ. ಕೆಳಗಿನ ಪ್ಲಗ್ ಸಲೀಸಾಗಿ ಬಂತು, ಆಯಿಲ್ ಪೂರ್ತಿ ಇಳಿಯಿತು. ಆಮೇಲೆ ಆಯಿಲ್ ಹಾಕುವ ಪ್ಲಗ್‌ಗೆ ಕೈ ಹಾಕಿದರೆ ಜಪ್ಪಯ್ಯ ಅಂದರೂ ಅಲುಗಾಡುತ್ತಿಲ್ಲ. ರಿಂಗ್ ಸ್ಪಾನರ್‌ಗೆ ಕಬ್ಬಿಣದ ಪೈಪ್ ಸಿಕ್ಕಿಸಿ ಎಳೆದೆ. ಪ್ಲಗ್ಗಿನ ಮೂಲೆ ಒಂದೆರಡು ಸವೆದ ಹಾಗೆ ಕಾಣುತ್ತಿದೆ. ಈಗ ಹೌಸಿಂಗ್ ಖಾಲಿ, ಸೋಮವಾರ ಮಂಡಿಗೆ ಹೋಗಬೇಕು.

ಇನ್ನೊಂದು ವಿಷಯ. ಇಳಿದ ಆಯಿಲ್ ಕಪ್ಪಗಿಲ್ಲ, ಹಾಲು ಜಾಸ್ತಿಯಾದ ಕಾಫಿ ತರ ಇದೆ. ಇದು ಹೀಗೇ ಇರುತ್ತದಾ?

ಗ್ರೀಸ್‌ಕೈ (11:41)

ಬೈಯೋದಿಲ್ಲ ಬಿಡಿ, ನಾನೂ ಒಂದು ಸಲ ಇದೇ ಮಾಡಿಕೊಂಡಿದ್ದೆ. ಯಾವತ್ತೂ ಮೇಲಿನ ಪ್ಲಗ್ ಬಿಚ್ಚಿ ನೋಡಿದ ಮೇಲೇ ಕೆಳಗಿನದಕ್ಕೆ ಕೈ ಹಾಕಬೇಕು. ಅದು ಬರಲಿಲ್ಲ ಅಂದರೆ ಹಳೇ ಆಯಿಲ್‌ನಲ್ಲೇ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು. ಈಗ ಅಂಗಳ ದಾಟಿಸೋಕೂ ಗಾಡಿ ಸ್ಟಾರ್ಟ್ ಮಾಡಬೇಡಿ.

ಮೂರು ಪ್ರಶ್ನೆ. ಪ್ಲಗ್ ಎಲ್ಲಿದೆ, ತಲೆ ಯಾವ ತರದ್ದು? ಗಾಡಿ ಯಾವುದರ ಮೇಲೆ ನಿಲ್ಲಿಸಿದ್ದೀರಿ? ಯಾವ ಕಡೆ ತಿರುಗಿಸುತ್ತಿದ್ದೀರಿ? ಮೂರನೇದು ಕೇಳಿ ನಗಬೇಡಿ.

ಅಡಿಕೆಗಾಡಿ (11:58)

ಪ್ಲಗ್ ಹೌಸಿಂಗ್‌ನ ಮುಂದಿನ ಮಗ್ಗುಲಲ್ಲಿದೆ, ಪ್ರೊಪೆಲ್ಲರ್ ಶಾಫ್ಟ್ ಕಡೆ ಮುಖ. ಹೊರಗಿನಿಂದ ಆರು ಮೂಲೆಯ ತಲೆ. ಹಿಂದಿನ ಎರಡೂ ಚಕ್ರ ಎತ್ತಿ, ಕೆಳಗೆ ಜಂಬಿಟ್ಟಿಗೆ ಕಲ್ಲು ಕೊಟ್ಟಿದ್ದೇನೆ. ತಿರುಗಿಸುತ್ತಿರೋದು ಗಡಿಯಾರದ ಉಲ್ಟಾ ದಿಕ್ಕಿಗೇ. ಹಿಂದಿನ ನಂಬರ್ ಪ್ಲೇಟ್ ಕೆಳಗಿನಿಂದ ತಲೆ ತೂರಿಸಿ ಮಲಗಿದ್ದೇನೆ, ಕೈ ಹೌಸಿಂಗ್ ಮೇಲಿಂದ ಆಚೆ ಹೋಗುತ್ತದೆ.

ಗ್ರೀಸ್‌ಕೈ (12:04)

ಮೊದಲು ಗಾಡಿ ಕೆಳಗಿನಿಂದ ಹೊರಗೆ ಬನ್ನಿ. ತಮಾಷೆಗೆ ಹೇಳುತ್ತಿಲ್ಲ. ಜಂಬಿಟ್ಟಿಗೆ ಒಳಗಿನಿಂದ ಪುಡಿಯಾಗುವ ಕಲ್ಲು. ಅದರ ಮೇಲೆ ಒಂದು ಟನ್ನಿಗೂ ಹೆಚ್ಚು ತೂಕದ ಗಾಡಿ, ಕೆಳಗೆ ನೀವು, ಕೈಯಲ್ಲಿ ಪೈಪ್ ಹಾಕಿ ಜಗ್ಗುತ್ತಿದ್ದೀರಿ. ಕ್ರೌನ್ ಆಯಿಲ್‌ಗೆ ಪಿಕಪ್ ಎತ್ತುವ ಅಗತ್ಯವೇ ಇಲ್ಲ. ನೆಲದಿಂದ ಎತ್ತರ ಇರುವ ಗಾಡಿ, ಒಂದು ಗೋಣಿಚೀಲ ಹಾಸಿ ಮಲಗಿದರೆ ಆಯಿತು. ಎತ್ತಿದರೆ ಲೆವೆಲ್ಲೂ ತಪ್ಪು ತೋರಿಸುತ್ತದೆ. ಚಕ್ರ ನೆಲಕ್ಕೆ ಬಿಡಿ, ಫಸ್ಟ್ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಮುಂದಿನ ಚಕ್ರಕ್ಕೆ ಮರದ ಅಡ್ಡ ಕೊಡಿ.

ಈಗ ದಿಕ್ಕು. ಪ್ಲಗ್ಗಿನ ಮುಖ ಎಂಜಿನ್ ಕಡೆ. ನೀವು ಅದರ ಬೆನ್ನ ಹಿಂದೆ ಮಲಗಿ ನೋಡುತ್ತಿದ್ದೀರಿ. ನಿಮಗೆ ಉಲ್ಟಾ ಕಾಣೋದು ಪ್ಲಗ್‌ಗೆ ಸೀದಾ. ಅಂದರೆ ಬೆಳಗ್ಗಿನಿಂದ ಬಿಗಿ ಮಾಡುತ್ತಿದ್ದೀರಿ, ಅದೂ ಪೈಪ್ ಹಾಕಿ! ಗೋಡೆ ಗಡಿಯಾರವನ್ನು ಹಿಂದಿನಿಂದ ನೋಡಿದ ಹಾಗೆ. ಗಾಡಿಯ ಪಕ್ಕದಿಂದ, ಮುಂದಿನ-ಹಿಂದಿನ ಚಕ್ರದ ನಡುವೆ, ಸೈಲೆನ್ಸರ್ ಇಲ್ಲದ ಕಡೆಯಿಂದ ತೂರಿ, ಪ್ಲಗ್ಗಿನ ಎದುರಿಗೆ ಮುಖ ಮಾಡಿ ಆಮೇಲೆ ತಿರುಗಿಸಿ.

ಅಡಿಕೆಗಾಡಿ (12:10)

ಅಯ್ಯೋ ದೇವರೇ.

ಗ್ರೀಸ್‌ಕೈ (12:22)

ಆಗುತ್ತದೆ ಅಣ್ಣ. ಈಗ ಮೂಲೆ ಸವೆದಿರುವುದರಿಂದ ಆ ರಿಂಗ್ ಸ್ಪಾನರ್ ಇನ್ನು ಬೇಡ. ಅದು ಹನ್ನೆರಡು ಪಾಯಿಂಟಿನದ್ದು, ಮೂಲೆಯನ್ನಷ್ಟೇ ಹಿಡಿಯುತ್ತದೆ. ಆರು ಪಾಯಿಂಟಿನ ಸಾಕೆಟ್ ತನ್ನಿ, ಅದು ಮಗ್ಗುಲನ್ನು ಹಿಡಿಯುತ್ತದೆ. ವೈರ್ ಬ್ರಷ್‌ನಲ್ಲಿ ಪ್ಲಗ್ಗಿನ ಸುತ್ತಲಿನ ಮಣ್ಣು ಪೂರ್ತಿ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಸಾಕೆಟ್ ಅರ್ಧ ಮಾತ್ರ ಕೂರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಊಟ ಮಾಡಿ ಬನ್ನಿ. ಆಮೇಲೆ ಸಾಕೆಟ್ ಕೂರಿಸುವ ಮೊದಲು ಪ್ಲಗ್ ತಲೆಗೆ ಸುತ್ತಿಗೆಯಿಂದ ನೇರವಾಗಿ ನಾಲ್ಕು ಏಟು. ಜೋರಾಗಿ ಬೇಡ, ಟಕ್ ಟಕ್ ಅಂತ. ಆ ಅದುರಿಗೆ ಥ್ರೆಡ್ಡಿನ ತುಕ್ಕು ಬಿಡುತ್ತದೆ. ಬಾಯಿ ಮುಚ್ಚಿದ ಹೌಸಿಂಗ್‌ಗೆ ಗ್ಯಾಸ್ ಬೆಂಕಿ ಹಿಡಿಯೋಕೆ ಹೋಗಬೇಡಿ. ಒಳಗೆ ಆಯಿಲ್ ಆವಿ, ಪಕ್ಕದಲ್ಲೇ ಬ್ರೇಕ್ ಪೈಪು.

ಮಂಗಳೂರು_ಮೀನ್‌ಗಾಡಿ (1:15)

ಪ್ಲಗ್ ಬರುತ್ತದೆ, ಅದು ಬಿಡಿ ಮಾರಾಯ್ರೆ. ನನಗೆ ಚಿಂತೆ ಆದದ್ದು ಆ ಕಾಫಿ ಬಣ್ಣ. ಆಯಿಲ್ ಜೊತೆ ನೀರು ಕಡೆದುಕೊಂಡಿದೆ. ನೀವು ಹಳ್ಳ ದಾಟುತ್ತೀರಾ?

ಅಡಿಕೆಗಾಡಿ (1:30)

ಮಳೆಗಾಲದಲ್ಲಿ ತೋಟಕ್ಕೆ ಹೋಗಬೇಕಾದರೆ ದಿನಾ ಹಳ್ಳ ದಾಟಲೇಬೇಕು. ನೀರು ಚಕ್ರದ ಅರ್ಧಕ್ಕೆ ಬರುತ್ತದೆ.

ಮಂಗಳೂರು_ಮೀನ್‌ಗಾಡಿ (1:52)

ಹಾಗಾದರೆ ಬ್ರೀದರ್ ನೋಡಿ. ಹೌಸಿಂಗ್‌ನ ಮೇಲ್ಭಾಗದಲ್ಲಿ, ಆಕ್ಸಲ್ ಟ್ಯೂಬಿನ ಮೇಲೆ, ಚಿಕ್ಕ ಟೋಪಿ ಹಾಕಿದ ಮೊಳೆ ತರದ್ದು ಇರುತ್ತದೆ. ಕೆಲವು ಗಾಡಿಯಲ್ಲಿ ರಬ್ಬರ್ ಪೈಪ್ ಹಾಕಿ ಮೇಲಕ್ಕೆ ತಂದಿರುತ್ತಾರೆ. ಗಾಡಿ ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಹೊರಗೆ ಹೋಗೋಕೆ ಅದೇ ದಾರಿ. ಅದು ಮಣ್ಣು ಕಟ್ಟಿ ಮುಚ್ಚಿದರೆ ಗಾಳಿ ಆಯಿಲ್ ಸೀಲನ್ನು (ಸೋರದ ಹಾಗೆ ತಡೆಯುವ ರಬ್ಬರ್ ಬಳೆ) ಒತ್ತಿ ಆಯಿಲ್ ಹೊರಗೆ ತಳ್ಳುತ್ತದೆ. ಬಿಸಿ ಹೌಸಿಂಗ್ ತಣ್ಣಗಿನ ಹಳ್ಳಕ್ಕೆ ಇಳಿದಾಗ ಇದರ ಉಲ್ಟಾ. ಒಳಗಿನ ಗಾಳಿ ಕುಗ್ಗಿ, ಅದೇ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ನಮ್ಮದು ಮೀನಿನ ಗಾಡಿ, ಉಪ್ಪುನೀರಿಗೆ ಬ್ರೀದರ್ ತುಕ್ಕು ಹಿಡಿದು ಎರಡು ಸಲ ಈ ಪಾಡು ಪಟ್ಟಿದ್ದೇನೆ.

ಹಿಂದಿನ ಚಕ್ರಗಳ ಒಳಮಗ್ಗುಲನ್ನೂ ನೋಡಿ. ಅಲ್ಲಿ ಜಿಡ್ಡು ಇಳಿದಿದ್ದರೆ ಆಕ್ಸಲ್ ಸೀಲ್ ಹೋಗಿದೆ ಅಂತ. ಆ ಜಿಡ್ಡು ಬ್ರೇಕ್ ಲೈನರ್‌ಗೆ ತಾಗಿದರೆ ಬ್ರೇಕ್ ಹಿಡಿಯೋದಿಲ್ಲ.

ಹೂಸ್ಟನ್_ಹಾಸನ್ (2:40)

ಇಲ್ಲಿ ಅಮೆರಿಕದಲ್ಲಿ ನಮ್ಮ ಗೋಳು ಬೇರೆ. ಎಷ್ಟೋ ಪಿಕಪ್‌ಗಳಿಗೆ ಕೆಳಗೆ ಡ್ರೇನ್ ಪ್ಲಗ್ಗೇ ಇಲ್ಲ. ಹಿಂದಿನ ಕವರ್ ಪೂರ್ತಿ ಬಿಚ್ಚಬೇಕು. ಕೆಳಗಿನ ಬೋಲ್ಟ್ ಮೊದಲು ಬಿಚ್ಚಿ, ಮೇಲಿನ ಎರಡು ಸಡಿಲ ಬಿಟ್ಟು, ಕವರ್ ಮೀಟಬೇಕು. ಇಲ್ಲದಿದ್ದರೆ ಆಯಿಲ್ ನೇರ ಎದೆ ಮೇಲೆ. ಒಂದು ಲಾಭ ಅಂದರೆ ಒಳಗಿನ ಗೇರ್ ಹಲ್ಲುಗಳನ್ನು ಕಣ್ಣಾರೆ ನೋಡಬಹುದು.

ಬಯಲುಸೀಮೆ (3:05)

ಸುಮ್ನೆ ಒಂದು ಲೀಟರ್ ಸೀಮೆಎಣ್ಣೆ ಹಾಕಿ ನಾಲ್ಕು ಸುತ್ತು ತಿರುಗಿಸಿ ಇಳಿಸಿದರೆ ನೀರೆಲ್ಲ ಬರೋದಿಲ್ವಾ? ನಮ್ಮ ಕಡೆ ಹಾಗೇ ಮಾಡುತ್ತಾರೆ.

ಗ್ರೀಸ್‌ಕೈ (3:20)

ಮಾಡುತ್ತಾರೆ, ನನಗೆ ಇಷ್ಟವಿಲ್ಲ. ಬೇರಿಂಗಿನ ಸಂದಿಯಲ್ಲಿ ಉಳಿದ ಸೀಮೆಎಣ್ಣೆ ಹೊಸ ಆಯಿಲನ್ನು ತೆಳ್ಳಗೆ ಮಾಡುತ್ತದೆ. ಅದರ ಬದಲು ಹೊಸ ಆಯಿಲನ್ನೇ ಹಾಕಿ ಸ್ವಲ್ಪ ದಿನ ಓಡಿಸಿ ಇಳಿಸಿ, ಮತ್ತೆ ಹಾಕಿ. ಎರಡು ಸಲದ ಖರ್ಚು, ಆದರೆ ಕ್ರೌನ್-ಪಿನಿಯನ್ ಸೆಟ್ (ಒಳಗಿನ ದೊಡ್ಡ-ಚಿಕ್ಕ ಗೇರ್ ಜೋಡಿ) ಬೆಲೆ ಮುಂದೆ ಅದು ಏನೂ ಅಲ್ಲ.

ಆಯಿಲ್ ವಿಷಯ: ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 80ಡಬ್ಲ್ಯು-90 (ಆಯಿಲ್ ಎಷ್ಟು ದಪ್ಪ ಅಂತ), ಜಿಎಲ್-5 (ಗೇರ್ ಆಯಿಲ್ ದರ್ಜೆ). ಪಿನಿಯನ್ ಕ್ರೌನ್ ವೀಲಿನ ಮಧ್ಯಕ್ಕೆ ಸರಿಯಾಗಿ ಕೂರೋದಿಲ್ಲ, ಸ್ವಲ್ಪ ಕೆಳಗಿರುತ್ತದೆ. ಹಾಗಾಗಿ ಹಲ್ಲು ಹಲ್ಲಿನ ಮೇಲೆ ಉರುಳುವುದರ ಜೊತೆಗೆ ಜಾರುತ್ತದೆ. ಭಾರ ಹೊತ್ತು ಘಾಟಿ ಹತ್ತುವಾಗ ಎಂಜಿನ್ ಆಯಿಲ್ ಅಲ್ಲಿ ನಿಲ್ಲೋದಿಲ್ಲ. ಜಿಎಲ್-5ರಲ್ಲಿ ಗಂಧಕ, ರಂಜಕದ ಮಿಶ್ರಣ ಇರುತ್ತದೆ, ಅದಕ್ಕೇ ಡಬ್ಬಿ ತೆಗೆದರೆ ಇಂಗಿನ ಡಬ್ಬಿ ತೆಗೆದ ಹಾಗೆ ಘಮ್ ಅನ್ನೋದು. ಉಳಿದದ್ದನ್ನು ಗೇರ್ ಬಾಕ್ಸಿಗೆ ಸುರಿಯಬೇಡಿ. ಅಲ್ಲಿ ಜಿಎಲ್-4 ಅಂತಿದ್ದರೆ ಅದೇ ಬೇಕು, ಹಿತ್ತಾಳೆ ರಿಂಗುಗಳಿಗೆ ಇದು ಆಗಿಬರೋದಿಲ್ಲ.

ತುಂಬಿಸೋಕೆ ಕೈಪಂಪು ಇಲ್ಲದಿದ್ದರೆ ಆಲಿಕೆಗೆ ಉದ್ದ ಪೈಪ್ ಸಿಕ್ಕಿಸಿ ಚಾಸಿಸ್ ಮೇಲಿಂದ ಇಳಿಸಿ. ಡಬ್ಬಿಯನ್ನು ಅರ್ಧ ಗಂಟೆ ಬಿಸಿಲಿಗೆ ಇಡಿ, ಬೇಗ ಇಳಿಯುತ್ತದೆ. ತೋಟದ ಬೋರ್ಡೋ ಪಂಪ್ ಮಾತ್ರ ಬೇಡ, ಮೈಲುತುತ್ತ ಉಳಿದಿರುತ್ತದೆ. ಸಮತಟ್ಟು ನೆಲದಲ್ಲಿ ತೂತಿನ ಅಂಚಿನಿಂದ ತೊಟ್ಟಿಕ್ಕೋಕೆ ಶುರುವಾದರೆ ನಿಲ್ಲಿಸಿ. ಪ್ಲಗ್ಗಿನ ತಾಮ್ರದ ವಾಷರ್ ಹೊಸದು ಹಾಕಿ. ಸಿಗದಿದ್ದರೆ ಹಳೇದನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗಿ ಮತ್ತೆ ಕೂರುತ್ತದೆ. ಅಲ್ಯೂಮಿನಿಯಂ ವಾಷರ್‌ಗೆ ಈ ಆಟ ಬೇಡ.

ಅಡಿಕೆಗಾಡಿ (ಭಾನುವಾರ, ಸಂಜೆ 6:30)

ಬಂತು! ಪಕ್ಕದೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಹತ್ತಿರ ಸಾಕೆಟ್ ಇಸ್ಕೊಂಡು ಬಂದೆ. ಎದುರಿಗೆ ಮಲಗಿ, ಸುತ್ತಿಗೆ ಏಟು ಕೊಟ್ಟು, ಸರಿ ದಿಕ್ಕಿಗೆ ತಿರುಗಿಸಿದರೆ ಎರಡನೇ ಎಳೆತಕ್ಕೆ 'ಟಣ್' ಅಂತ ಬಿಟ್ಟಿತು. ನನ್ನ ಕೈ ಮುರಿಯಿತು ಅಂದುಕೊಂಡೆ.

ಕೆಳಗಿನ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣಗಿನ ಲೇಪ ಇತ್ತು, ಕಾಡಿಗೆ ತರ. ಬೆರಳಲ್ಲಿ ಉಜ್ಜಿ ನೋಡಿದೆ, ಚೂರು ಯಾವುದೂ ಚುಚ್ಚಲಿಲ್ಲ. ಇಳಿದದ್ದು ನೀರೂ ಸೇರಿ ಒಂದೂವರೆ ಲೀಟರ್. ಹೊಸದು ಎರಡು ಲೀಟರ್‌ಗೂ ಸ್ವಲ್ಪ ಜಾಸ್ತಿ ಹಿಡಿಯಿತು. ಅಂದರೆ ಇಷ್ಟು ದಿನ ಕಡಿಮೆ ಆಯಿಲ್‌ನಲ್ಲೇ ಓಡಿಸಿದ್ದೇನೆ. ಬ್ರೀದರ್ ಟೋಪಿ ಕಲ್ಲಿನ ಹಾಗೆ ಮಣ್ಣು ಕಟ್ಟಿತ್ತು. ಬಿಚ್ಚಿ, ಪೆಟ್ರೋಲ್‌ನಲ್ಲಿ ತೊಳೆದು, ಬಾಯಲ್ಲಿ ಊದಿ ನೋಡಿ ಹಾಕಿದೆ.

ಎಡಗಡೆ ಚಕ್ರದ ಒಳಗೆ ಒದ್ದೆ ಇದೆ.

ಗ್ರೀಸ್‌ಕೈ (6:48)

ನುಣ್ಣಗಿನ ಲೇಪಕ್ಕೆ ಹೆದರಬೇಡಿ, ಅದು ಸಹಜ ಸವೆತ. ಚೂರು ಸಿಕ್ಕಿದ್ದರೆ ಬೇರೆ ಮಾತು. ಆದರೆ ಎಡಗಡೆ ಸೀಲ್ ಹಾಕಿಸದೆ ಲೋಡ್ ಹಾಕಬೇಡಿ. ಅದು ಮನೆ ಕೆಲಸ ಅಲ್ಲ, ಆಕ್ಸಲ್ ಎಳೆಯಬೇಕು, ಬೇರಿಂಗ್ ನೋಡಬೇಕು. ಡ್ರಮ್ ಬಿಚ್ಚಿದಾಗ ಲೈನರ್ ಜಿಡ್ಡಾಗಿದ್ದರೆ ಅದನ್ನೂ ಬದಲಾಯಿಸಲಿ. ಮಂಡಿಗೆ ಬೇರೆ ಗಾಡಿ ಮಾಡಿಕೊಳ್ಳಿ.

ಅಡಿಕೆಗಾಡಿ (ಎರಡು ವಾರದ ನಂತರ)

ಸೀಲ್, ಲೈನರ್ ಎರಡೂ ಆಯಿತು. 300 ಕಿ.ಮೀ. ಓಡಿಸಿ ನಿನ್ನೆ ಮತ್ತೆ ಇಳಿಸಿದೆ, ಈ ಸಲ ಮೇಲಿನ ಪ್ಲಗ್ ಮೊದಲು. ಸ್ವಲ್ಪ ಮಬ್ಬಿತ್ತು, ಕಾಫಿ ಅಲ್ಲ. ಮತ್ತೆ ಹೊಸದು ಹಾಕಿದ್ದೇನೆ. ಬ್ರೀದರ್‌ಗೆ ರಬ್ಬರ್ ಪೈಪ್ ಸಿಕ್ಕಿಸಿ ಬಾಡಿ ಎತ್ತರಕ್ಕೆ ಕಟ್ಟಿದೆ.

ಒಂದೇ ಪ್ರಶ್ನೆ ಉಳಿದಿದೆ. ಹಳೇ ಆಯಿಲ್ ಒಂದು ಕ್ಯಾನ್ ಇದೆ. ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಬರೋದಿಲ್ಲ ಅಂತ ಅಪ್ಪ ಕಾಯುತ್ತಿದ್ದಾರೆ.

ಮಂಗಳೂರು_ಮೀನ್‌ಗಾಡಿ

ಬೇಡ ಅಂತ ಹೇಳಿ ಮಾರಾಯ್ರೆ. ಮೊದಲ ಮಳೆಗೆ ತೊಳೆದು ತೋಟಕ್ಕೆ, ಅಲ್ಲಿಂದ ಬಾವಿಗೆ. ಸೀಲ್ ಹಾಕಿದ ಗ್ಯಾರೇಜಿಗೇ ಕೊಡಿ, ಹಳೇ ಆಯಿಲ್ ಒಯ್ಯುವವರು ಅಲ್ಲಿಗೆ ಬರುತ್ತಾರೆ. ನೀರು ಸೇರಿದೆ ಅಂತ ಹೇಳಿ ಕೊಡಿ.