ಬಾಡಿಗೆ ಮನೆ, ದಿನಕ್ಕೆ 40 ಕಿಲೋಮೀಟರ್, ತಿಂಗಳಿಗೊಮ್ಮೆ ಆಗುಂಬೆ ಘಾಟಿ: ಎಲೆಕ್ಟ್ರಿಕ್ ಕಾರು (ಇವಿ) ತಗೋಬಹುದಾ?

ಸುಮಾ_ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾವಿರುವುದು ಶಿವಮೊಗ್ಗದಲ್ಲಿ, ನನ್ನ ಕೆಲಸ ಭದ್ರಾವತಿಯಲ್ಲಿ. ಹೋಗಿ ಬರುವುದು ದಿನಕ್ಕೆ ಸುಮಾರು 40 ಕಿಲೋಮೀಟರ್. ತಿಂಗಳಿಗೊಮ್ಮೆ ಉಡುಪಿಗೆ, ಅತ್ತೆ ಮನೆಗೆ, ತೀರ್ಥಹಳ್ಳಿ ಆಗುಂಬೆ ಮೇಲೆ. ಎಲ್ಲ ಸೇರಿ ತಿಂಗಳಿಗೆ 1,200 ಕಿಲೋಮೀಟರ್ ಆಗುತ್ತದೆ.

ಈಗಿರುವುದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಏಳೆಂಟು ವರ್ಷ ಒಂದು ತಕರಾರೂ ಇರಲಿಲ್ಲ. ಈಗ ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಕ್ಲಚ್ ಪ್ಲೇಟ್ ಹಾಕಿಸಿದೆವು, ಆಮೇಲೆ ರೇಡಿಯೇಟರ್ ಸೋರಿತು, ಬೇಸಿಗೆ ಬಂದರೆ ಎಸಿ ಗ್ಯಾಸ್ ತುಂಬಿಸಬೇಕು. ಹೋದ ತಿಂಗಳು ಬೆಳಗ್ಗೆ ಸ್ಟಾರ್ಟ್ ಆಗಲಿಲ್ಲ ಅಂತ ಬಾನೆಟ್ ಎತ್ತಿದರೆ ಬ್ಯಾಟರಿ ಪಕ್ಕದಲ್ಲಿ ತೆಂಗಿನ ನಾರು, ಹರಿದ ಬಟ್ಟೆ ಚೂರು, ಅರ್ಧ ತಿಂದ ಕೊಬ್ಬರಿ. ಇಲಿ ಸಂಸಾರ ಹೂಡಿಬಿಟ್ಟಿತ್ತು! ಇಂಜೆಕ್ಟರ್‌ಗೆ ಹೋಗುವ ವೈರನ್ನು ನೀಟಾಗಿ ಕಡಿದಿತ್ತು. ಗ್ಯಾರೇಜಿನವರು ಪೂರ್ತಿ ವೈರಿಂಗ್ ಹಾರ್ನೆಸ್ ಬದಲಾಯಿಸಬೇಕು ಅಂದರು, ಕೊನೆಗೆ ಗಾಂಧಿ ಬಜಾರಿನ ಹತ್ತಿರದ ಒಬ್ಬ ಎಲೆಕ್ಟ್ರಿಷಿಯನ್ ಮೂರು ಜಾಯಿಂಟ್ ಹಾಕಿ ಕೊಟ್ಟರು, ಈಗಲೂ ಓಡುತ್ತಿದೆ.

ನಮ್ಮ ಯಜಮಾನರು ಎಲೆಕ್ಟ್ರಿಕ್ ತಗೊಳ್ಳೋಣ ಅನ್ನುತ್ತಾರೆ. ಮಾವ ಮಾತ್ರ "ಘಾಟಿಯಲ್ಲಿ ನಿಂತರೆ ಯಾರು ತಳ್ಳುವುದು" ಅಂತ ಒಂದೇ ಮಾತು. ಟಾಟಾ ಪಂಚ್ ಇವಿ ಮತ್ತು ಎಂಜಿ ವಿಂಡ್ಸರ್ ಎರಡನ್ನೂ ನೋಡಿ ಬಂದೆವು. ವಿಂಡ್ಸರ್ ಒಂದು ಚಾರ್ಜಿಗೆ 332 ಕಿಲೋಮೀಟರ್ ಅಂತ ಬರೆದಿದ್ದಾರೆ, ಉಡುಪಿಗೆ ಹೋಗಿ ಬಂದರೂ ಮಿಗುತ್ತದೆ ಅಂದರು. ನಿಜವಾ? ಇನ್ನೊಂದು ದೊಡ್ಡ ತಲೆನೋವು ಮನೆಯದ್ದು. ನಾವು ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ, ಓನರ್ ಕೆಳಗೆ. ಮೀಟರ್ ಬೇರೆ ಬೇರೆ. ಕಾಂಪೌಂಡ್ ಒಳಗೆ ಗಾಡಿ ನಿಲ್ಲಿಸಲು ಜಾಗ ಇದೆ. ಚಾರ್ಜರ್ ಅಂದ ಕೂಡಲೇ ಓನರ್ ಆಂಟಿ ಮುಖ ಸಣ್ಣದು ಮಾಡಿಕೊಂಡರು. ಬೆಂಕಿ ಗಿಂಕಿ ಅಂತ ಭಯ ಅವರಿಗೆ.

ತುಂಗೆ_ದಂಡೆ

ಮೇಡಂ, 332 ಅನ್ನುವುದು ಪರೀಕ್ಷೆಯ ಲೆಕ್ಕ. ಅದನ್ನು ಮರೆತುಬಿಡಿ. ವಿಂಡ್ಸರ್‌ನ ಆ ಮಾಡೆಲ್ಲಿನ ಬ್ಯಾಟರಿ 38 ಕಿಲೋವ್ಯಾಟ್ ಅವರ್, ಅಂದರೆ ನಿಮ್ಮ ಮನೆ ಮೀಟರಿನ 38 ಯೂನಿಟ್. ಎಸಿ ಹಾಕಿಕೊಂಡು, ನಾಲ್ಕು ಜನ ಕೂತು, 70–80ರಲ್ಲಿ ಹೋದರೆ ಯೂನಿಟ್ಟಿಗೆ ಆರೂವರೆ ಕಿಲೋಮೀಟರ್ ಹಿಡಿಯಿರಿ. 38ನ್ನು ಆರೂವರೆಯಿಂದ ಗುಣಿಸಿದರೆ 247. ಪಂಚ್ ಇವಿಯ 35 ಯೂನಿಟ್ ಬ್ಯಾಟರಿಯ ಮಾಡೆಲ್ ಆದರೆ, ಗಾಡಿಯೂ ಸ್ವಲ್ಪ ಚಿಕ್ಕದು, ಅಲ್ಲೂ 230ರ ಆಸುಪಾಸು. ಉಡುಪಿ ನಿಮಗೆ 150 ಕಿಲೋಮೀಟರ್ ಒಳಗೇ ಇದೆ. ಹೋಗುವುದಕ್ಕೆ ಏನೂ ತೊಂದರೆ ಇಲ್ಲ. ಚಾರ್ಜ್ ಮಾಡದೆ ವಾಪಸ್ ಬರುತ್ತೇನೆ ಅಂದರೆ ಅದು ಆಗದ ಮಾತು, ಶೋರೂಮಿನವರು ಏನೇ ಹೇಳಲಿ.

ಆದರೆ ಅತ್ತೆ ಮನೆಗೆ ಹೋದರೆ ರಾತ್ರಿ ಉಳಿಯುತ್ತೀರಿ ಅಲ್ವಾ? ಗಾಡಿ ಜೊತೆ ಬರುವ ಪೋರ್ಟಬಲ್ ಚಾರ್ಜರ್ ಗಂಟೆಗೆ ಮೂರು ಯೂನಿಟ್ ತುಂಬಿಸುತ್ತದೆ. ರಾತ್ರಿ ಒಂಬತ್ತಕ್ಕೆ ಹಾಕಿದರೆ ಬೆಳಗ್ಗೆ ಆರಕ್ಕೆ ಹತ್ತಿರ ಹತ್ತಿರ ಫುಲ್. ಉಡುಪಿ ಮಣಿಪಾಲದಲ್ಲಿ ಫಾಸ್ಟ್ ಚಾರ್ಜರ್‌ಗಳೂ ಇವೆ. ಆದರೆ ಹೊರಗಿನ ಚಾರ್ಜರಿನಲ್ಲಿ 80 ಪರ್ಸೆಂಟ್ ಆದ ಮೇಲೆ ಕೂತು ಕಾಯಬೇಡಿ. ಅಲ್ಲಿಂದ ಆಚೆಗೆ ಗಾಡಿಯೇ ಕರೆಂಟು ಕಮ್ಮಿ ಎಳೆಯುತ್ತದೆ, ಕೊನೆಯ 20ಕ್ಕೆ ಮೊದಲಿನ 50ಕ್ಕೆ ಹಿಡಿದಷ್ಟು ಹೊತ್ತು ಬೇಕಾಗಬಹುದು. ಹಿಂದೆ ಕಾಯುವವನ ಮುಖ ಬೇರೆ ನೋಡಬೇಕು.

ಹೆಬ್ರಿ_ಮಾಣಿ

ಘಾಟಿ ಬಗ್ಗೆ ಎಲ್ಲರೂ ಸುಮ್ನೆ ಹೆದರಿಸುತ್ತಾರೆ ಮಾರಾಯ್ರೆ. ಲೆಕ್ಕ ಹಾಕಿದರೆ ಇಷ್ಟೇ. ಆಗುಂಬೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ. ಶಿವಮೊಗ್ಗವೇ 570ರ ಆಸುಪಾಸು ಇದೆ, ಹಾಗಾಗಿ ನಿಮ್ಮ ಕಡೆಯಿಂದ ಆಗುಂಬೆವರೆಗೆ ಏರು ಅಂಥಾದ್ದೇನಿಲ್ಲ. ಇರುವುದೆಲ್ಲ ವಾಪಸ್ ಬರುವಾಗ, ಘಾಟಿ ಬುಡದ ಸೋಮೇಶ್ವರದಿಂದ ಮೇಲಕ್ಕೆ. ಜನ, ಲಗೇಜು ಸೇರಿ ಗಾಡಿ 1,800 ಕೆಜಿ ಅಂತ ಇಟ್ಟುಕೊಳ್ಳಿ. ಅಷ್ಟು ಭಾರವನ್ನು 600 ಮೀಟರ್ ಮೇಲಕ್ಕೆ ಎತ್ತಲು ಬೇಕಾಗುವುದು 3 ಯೂನಿಟ್, ಮೋಟರಿನ ನಷ್ಟ ಸೇರಿದರೆ ಮೂರೂವರೆ. ಅಂದರೆ 20–25 ಕಿಲೋಮೀಟರ್ ರೇಂಜ್ ಜಾಸ್ತಿ ಖರ್ಚು. ಅಷ್ಟೇ. ಆ ಹೇರ್‌ಪಿನ್ ತಿರುವುಗಳಲ್ಲಿ ಫಸ್ಟ್ ಗೇರು, ಸೆಕೆಂಡ್ ಗೇರು, ಹಾಫ್ ಕ್ಲಚ್ ಅಂತ ಒದ್ದಾಡುವುದು ಇಲ್ಲ. ಕಾಲು ಇಟ್ಟರೆ ಏರುತ್ತದೆ.

ಇಳಿಯುವಾಗ ಒಂದು ವಿಷಯ ಗೊತ್ತಿರಲಿ. ರೀಜೆನ್ ಅಂತ ಇರುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಮೋಟರೇ ಗಾಡಿ ಹಿಡಿದು ಬ್ಯಾಟರಿಗೆ ತುಂಬಿಸುತ್ತದೆ. ಏರುವಾಗ ಹೋದದ್ದರಲ್ಲಿ ಅರ್ಧದಷ್ಟು ಹೀಗೆ ವಾಪಸ್ ಬರುತ್ತದೆ. ಆದರೆ ಬ್ಯಾಟರಿ ಫುಲ್ ಇದ್ದರೆ ತುಂಬಿಸಲು ಜಾಗವೇ ಇರೋಲ್ಲ, ಆಗ ರೀಜೆನ್ ಹಿಡಿಯುವುದಿಲ್ಲ, ಬರೀ ಬ್ರೇಕಿನ ಮೇಲೆ ಇಳಿಯಬೇಕು. ನೀವು ಶಿವಮೊಗ್ಗದಿಂದ 90 ಕಿಲೋಮೀಟರ್ ಓಡಿಸಿಕೊಂಡು ಬಂದಿರುತ್ತೀರಿ, ಹಾಗಾಗಿ ನಿಮಗೆ ಈ ಸಮಸ್ಯೆ ಬರೋಲ್ಲ. ಆಗುಂಬೆಯಲ್ಲೇ ಮನೆ ಇರುವವರು ಯೋಚನೆ ಮಾಡಬೇಕು.

ನಮ್ಮ ಕಡೆಯ ನಿಜವಾದ ತೊಂದರೆ ಕರೆಂಟು. ಜೂನ್ ಜುಲೈಯಲ್ಲಿ ಮರ ಬಿದ್ದರೆ ಒಂದು ದಿನ ಇಡೀ ಇರೋಲ್ಲ. ಇದ್ದರೂ ವೋಲ್ಟೇಜು ಇಳಿದು ಬಲ್ಬು ಹಳದಿ ಆಗಿರುತ್ತದೆ, ಆಗ ಚಾರ್ಜರ್ ಕೆಂಪು ಲೈಟ್ ಹಾಕಿಕೊಂಡು ಕೂರುತ್ತದೆ. ಮನೆ ಇನ್ವರ್ಟರಿಗೆ ಇದನ್ನು ಹಾಕುವ ಯೋಚನೆಯೇ ಬೇಡ. ಮಳೆಗಾಲದಲ್ಲಿ ಬರುವುದಾದರೆ ಉಡುಪಿ ಪೇಟೆಯಲ್ಲೇ ಒಮ್ಮೆ ತುಂಬಿಸಿಕೊಂಡು ಮನೆಗೆ ಹೋಗಿ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಟಿವಿ ಪ್ಲಗ್ ಕಿತ್ತಿಡುವ ಹಾಗೆ ಇದನ್ನೂ ಕಿತ್ತಿಡಬೇಕು.

ವೈರಿಂಗ್_ವಿನಾಯಕ

ನಾನು ಎಲೆಕ್ಟ್ರಿಕಲ್ ಕೆಲಸ ಮಾಡುವವನು. ನನ್ನ ಮಾತು ಕೇಳಿ, ಗಾಡಿ ನೋಡುವ ಮೊದಲು ಗೋಡೆ ನೋಡಿ. ಇವಿ ತಗೊಂಡವರು ಕರೆಯುವ ಹತ್ತರಲ್ಲಿ ಎಂಟು ಕಡೆ ತಪ್ಪು ಗಾಡಿದಲ್ಲ, ಸಾಕೆಟ್ಟಿನದು ಅಥವಾ ಅರ್ಥಿಂಗಿನದು.

15 ಆಂಪ್ ಸಾಕೆಟ್ ಇದೆ, ಗೀಸರ್ ಓಡುತ್ತದೆ, ಇದೂ ಓಡುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಗೀಸರ್ ಕಾಲು ಗಂಟೆಗೆ ಕಟ್ ಆಗುತ್ತದೆ. ಇದು 14–15 ಆಂಪ್ ಅನ್ನು ಒಂದೇ ಸಮನೆ ಹತ್ತು ಗಂಟೆ ಎಳೆಯುತ್ತದೆ. ಹಳೇ ಸಾಕೆಟ್ಟಿನ ಒಳಗೆ ಸ್ಕ್ರೂ ಸ್ವಲ್ಪ ಸಡಿಲ ಇದ್ದರೂ ಅಲ್ಲಿ ಬಿಸಿ ಆಗುತ್ತದೆ. ಮೊದಲು ಪ್ಲಗ್ಗಿನ ಪಿನ್ ಸುತ್ತ ಕಂದು ಬಣ್ಣ, ಆಮೇಲೆ ಪ್ಲಾಸ್ಟಿಕ್ ಉಬ್ಬುತ್ತದೆ, ಸುಟ್ಟ ಮೀನಿನ ಥರ ಒಂದು ವಾಸನೆ ಬರುತ್ತದೆ. ಆ ವಾಸನೆ ಬಂದರೆ ಅವತ್ತೇ ನಿಲ್ಲಿಸಿ. ನಿಮ್ಮ ಓನರ್ ಆಂಟಿ ಹೆದರುವುದರಲ್ಲಿ ಅರ್ಥ ಇದೆ, ಆದರೆ ಹೆದರಬೇಕಾದದ್ದು ಗಾಡಿಗಲ್ಲ, ಕಳಪೆ ವೈರಿಂಗಿಗೆ.

ಮೀಟರ್ ಬೋರ್ಡ್ ಕೆಳಗೇ ಇರುತ್ತದೆ ಅಲ್ವಾ? ನಿಮ್ಮ ಮೀಟರಿನಿಂದ ನೇರವಾಗಿ, ಬೇರೆ ಯಾವುದಕ್ಕೂ ಸೇರಿಸದೆ, ಒಂದೇ ಒಂದು ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಲೋಡ್ ಜಾಸ್ತಿಯಾದರೆ ಕಟ್ ಮಾಡುವ 20 ಆಂಪ್ ಎಂಸಿಬಿ, ಜೊತೆಗೆ ಶಾಕ್ ಹೊಡೆಯದಂತೆ ಕಟ್ ಮಾಡುವ ಆರ್‌ಸಿಸಿಬಿ, ಕೊನೆಯಲ್ಲಿ ಮುಚ್ಚಳ ಇರುವ ಇಂಡಸ್ಟ್ರಿಯಲ್ ಸಾಕೆಟ್. ಪೈಪಿನ ಮೇಲೆ ಎಳೆದರೆ ಗೋಡೆ ಒಡೆಯಬೇಕಿಲ್ಲ, ಮನೆ ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು. ಇದನ್ನು ಆಂಟಿಗೆ ಮೊದಲೇ ಹೇಳಿ. ಅರ್ಥಿಂಗ್ ಗುಂಡಿ ಎಲ್ಲಿದೆ ಕೇಳಿ. ಹಳೇ ಮನೆಗಳಲ್ಲಿ ಅದರ ಮೇಲೆ ಸಿಮೆಂಟ್ ಹಾಕಿ ಟೈಲ್ಸ್ ಕೂರಿಸಿರುತ್ತಾರೆ! ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ವೋಲ್ಟೇಜ್ ಎಷ್ಟು ಅಂತ ಮಲ್ಟಿಮೀಟರ್ ಹಿಡಿದು ನೋಡಿಸಿ, ಎರಡು ಮೂರು ವೋಲ್ಟಿಗಿಂತ ಜಾಸ್ತಿ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ.

ಇನ್ನು ನಿಮ್ಮ ಮನೆಯ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇದ್ದರೆ ಕರೆಂಟ್ ಕಂಪನಿ ಮೆಸ್ಕಾಂಗೆ ಅರ್ಜಿ ಹಾಕಿ 5ಕ್ಕೆ ಏರಿಸಿಕೊಳ್ಳಿ. ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಓನರ್ ಹೆಸರಿನಲ್ಲಿರುತ್ತದೆ, ಅವರ ಸಹಿ ಬೇಕು. ಮನೆಗಿರುವ ಕನೆಕ್ಷನ್ನಿನಲ್ಲೇ ಸ್ವಂತ ಗಾಡಿ ಚಾರ್ಜ್ ಮಾಡಬಹುದು ಅಂತ ಕೇಂದ್ರ ಇಂಧನ ಸಚಿವಾಲಯ 2022ರಲ್ಲೇ ಮಾರ್ಗಸೂಚಿಯಲ್ಲಿ ಹೇಳಿದೆ, ಹಾಗಾಗಿ ಅದೇನೂ ಕಳ್ಳ ಕೆಲಸ ಅಲ್ಲ.

ಪೆಟ್ರೋಲ್_ಪುಟ್ಟಣ್ಣ

ಎಲ್ಲರೂ ತಗೊಳ್ಳಿ ತಗೊಳ್ಳಿ ಅಂತಿದ್ದೀರಿ, ದುಡ್ಡಿನ ಮಾತು ಯಾರೂ ಆಡಲಿಲ್ಲ. 12 ಲಕ್ಷ ಸಾಲ, 9 ಪರ್ಸೆಂಟ್ ಬಡ್ಡಿ, ಐದು ವರ್ಷ. ಇಎಂಐ 25 ಸಾವಿರದ ಹತ್ತಿರ. ಮೇಡಂಗೆ ಈಗ ಪೆಟ್ರೋಲಿಗೆ ತಿಂಗಳಿಗೆ ಒಂಬತ್ತು ಸಾವಿರದ ಒಳಗೆ ಆಗುತ್ತಿದೆ. ಹಳೇ ಗಾಡಿಗೆ ವರ್ಷಕ್ಕೆ 40 ಸಾವಿರ ರಿಪೇರಿ ಬಂದರೂ ಈ ಇಎಂಐ ಮುಂದೆ ಅದು ಏನೂ ಅಲ್ಲ. 2013ರ ಗಾಡಿ ಅಂದರೆ ಆರ್‌ಸಿ 2028ರವರೆಗೆ ಇದೆ. ಇಲಿ ಕಡಿಯಿತು ಅಂತ ಯಾರಾದರೂ ಹೊಸ ಕಾರು ತಗೋತಾರಾ? ಇಲಿಗೆ ಅದು ಪೆಟ್ರೋಲಾ ಕರೆಂಟಾ ಅಂತ ಗೊತ್ತಾ? ಇವಿಯಲ್ಲಿ ವೈರು ಇನ್ನೂ ಜಾಸ್ತಿ, ಮತ್ತೆ ದುಬಾರಿ.

ತುಂಗೆ_ದಂಡೆ

ಪುಟ್ಟಣ್ಣ, ಇಲಿ ವಿಷಯ ಒಪ್ಪಿದೆ. ಆದರೆ ಹಳೇ ಗಾಡಿಯನ್ನು ಹೊಸ ಇವಿ ಜೊತೆ ತೂಗಿದರೆ ಯಾವ ಹೊಸ ಗಾಡಿಯೂ ಗೆಲ್ಲುವುದಿಲ್ಲ. ಅವರು ಹೇಗೂ ಗಾಡಿ ಬದಲಾಯಿಸುವ ಯೋಚನೆಯಲ್ಲಿದ್ದಾರೆ. ಹೊಸ ಪೆಟ್ರೋಲ್ ಆಟೋಮ್ಯಾಟಿಕ್ ತಗೊಂಡರೂ ಆನ್‌ರೋಡ್ 10–11 ಲಕ್ಷ ಬರುತ್ತದೆ. ವ್ಯತ್ಯಾಸ ಇರುವ ಒಂದೆರಡು ಲಕ್ಷವನ್ನು ಮಾತ್ರ ಉಳಿತಾಯದಲ್ಲಿ ಕಳೆಯಬೇಕು. 1,200 ಕಿಲೋಮೀಟರಿಗೆ, ಚಾರ್ಜಿಂಗಿನಲ್ಲಿ ಸೋರಿ ಹೋಗುವುದೂ ಸೇರಿ, 205 ಯೂನಿಟ್. ಮನೆ ದರದಲ್ಲಿ 1,300–1,400 ರೂಪಾಯಿ.

ಸುಮಾ_ಶಿವಮೊಗ್ಗ

ವಿನಾಯಕ ಅವರೇ, ತುಂಬಾ ಉಪಯೋಗ ಆಯಿತು. ಮೀಟರ್ ಬೋರ್ಡ್ ಕೆಳಗೇ ಇದೆ. ಅರ್ಥಿಂಗ್ ಗುಂಡಿ ತುಳಸಿ ಕಟ್ಟೆ ಹಿಂದೆ ಇದೆಯಂತೆ. ಒಂದು ಸಂಶಯ. ನಮಗೆ ಈಗ ಗೃಹಜ್ಯೋತಿ, ಬಿಲ್ ಸೊನ್ನೆ ಬರುತ್ತಿದೆ. ಮನೆಗೆ ತಿಂಗಳಿಗೆ 90 ಯೂನಿಟ್ ಆಗುತ್ತದೆ. 205 ಸೇರಿದರೆ ಏನಾಗುತ್ತದೆ?

ಮೀಟರ್_ರೀಡಿಂಗ್

ಒಳ್ಳೇ ಪ್ರಶ್ನೆ, ಶೋರೂಮಿನಲ್ಲಿ ಇದನ್ನು ಯಾರೂ ಹೇಳೋಲ್ಲ. ನಿಮ್ಮ ಹಿಂದಿನ ಸರಾಸರಿ ಮೇಲೆ 10 ಪರ್ಸೆಂಟ್ ಸೇರಿಸಿ ಒಂದು ಮಿತಿ ಹಾಕಿರುತ್ತಾರೆ. ಅದನ್ನು ದಾಟಿ 200ರ ಒಳಗೆ ಇದ್ದರೆ ದಾಟಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಉಡುಪಿಯಲ್ಲಿ ತುಂಬಿಸುವುದನ್ನು ಬಿಟ್ಟರೂ ನಿಮ್ಮ ಮನೆ ಮೀಟರ್ 270ರ ಮೇಲೆ ಓಡುತ್ತದೆ. ಲೋಡ್ 5 ಕಿಲೋವ್ಯಾಟಿಗೆ ಏರಿಸಿದರೆ ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟಿಗೆ ನೂರು ಚಿಲ್ಲರೆ, ಅದೂ ಸೇರುತ್ತದೆ. ಎಲ್ಲ ಕೂಡಿಸಿದರೆ ಸೊನ್ನೆ ಇದ್ದ ಬಿಲ್ ಎರಡೂವರೆ ಸಾವಿರದ ಆಸುಪಾಸಿಗೆ ಬರುತ್ತದೆ. ಅಂದರೆ ಗಾಡಿಯ ಕರೆಂಟು ಖರ್ಚು 1,300 ಅಲ್ಲ, ಎರಡೂವರೆ ಸಾವಿರ ಅಂತಲೇ ಬರೆದುಕೊಳ್ಳಿ. ಆದರೂ ಪೆಟ್ರೋಲಿನ ಮುಂದೆ ಆರು ಸಾವಿರ ಉಳಿಯುತ್ತದೆ. 200ರ ಒಳಗೆ ಇರಬೇಕು ಅಂತ ಹೊರಗಿನ ಫಾಸ್ಟ್ ಚಾರ್ಜರಿಗೆ ಹೋಗಬೇಡಿ, ಅಲ್ಲಿನ ದರದಲ್ಲಿ ಉಳಿಸಿದ್ದು ಅಲ್ಲೇ ಹೋಗುತ್ತದೆ. ಇವಿ ಚಾರ್ಜಿಂಗಿಗೆ ಬೇರೆ ದರದ ವರ್ಗ ಇದೆ. ಪ್ರತ್ಯೇಕ ಮೀಟರ್ ಕೊಡುತ್ತಾರಾ ಅಂತ ನಿಮ್ಮ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ. ಕೊಟ್ಟರೆ ಮನೆ ಮೀಟರ್ ಮುಟ್ಟಬೇಕಿಲ್ಲ.

ಹಸಿರು_ಪ್ಲೇಟ್

ಇವಿ ಇಟ್ಟುಕೊಂಡಿರುವವನು ನಾನು. ಯಾವ ಕಂಪನಿ ಅನ್ನುವುದು ಬೇಡ. ಗಾಡಿ ಚೆನ್ನಾಗಿದೆ, ಆದರೆ ತೊಂದರೆಯೇ ಇಲ್ಲ ಅನ್ನುವವರನ್ನು ನಂಬಬೇಡಿ. ಒಂದು ಸಲ ವಾರ ಪೂರ್ತಿ ಊರಿಗೆ ಹೋಗಿ ಬಂದೆ. ಆಪ್‌ನಲ್ಲಿ ಬ್ಯಾಟರಿ 70 ಪರ್ಸೆಂಟ್ ತೋರಿಸುತ್ತಿತ್ತು, ಗಾಡಿ ಬಾಗಿಲೇ ತೆಗೆಯಲಿಲ್ಲ! ದೊಡ್ಡ ಬ್ಯಾಟರಿ ಜೊತೆಗೆ ನಿಮ್ಮ ಹಳೇ ಕಾರಿನಲ್ಲಿರುವ ಹಾಗೆಯೇ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇದರಲ್ಲೂ ಇರುತ್ತದೆ. ಬಾಗಿಲು, ಸ್ಕ್ರೀನು, ಕಂಪ್ಯೂಟರ್ ಎಲ್ಲ ಅದರ ಮೇಲೆ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಗಾಡಿ ಎದ್ದೇಳೋಲ್ಲ. ಕೀ ಒಳಗಿರುವ ಕಬ್ಬಿಣದ ಚಾವಿ ತೆಗೆದು ಬಾಗಿಲು ತೆರೆದು, ಪಕ್ಕದ ಮನೆಯವರ ಗಾಡಿಯಿಂದ ಕೇಬಲ್ ಹಾಕಿ ಎಬ್ಬಿಸಿದ್ದಾಯಿತು. ಡೆಲಿವರಿ ದಿನವೇ ಆ ಚಾವಿ ಎಲ್ಲಿದೆ, 12 ವೋಲ್ಟ್ ಬ್ಯಾಟರಿ ಎಲ್ಲಿದೆ ಅಂತ ತೋರಿಸಿಕೊಳ್ಳಿ. ಡ್ಯಾಶ್‌ಕ್ಯಾಮ್ ಅದಕ್ಕೆ ಸದಾ ತಗುಲಿಸಿ ಇಡಬೇಡಿ.

ಟೈರ್ ಬೇಗ ಸವೆಯುತ್ತದೆ, ಗಾಡಿ ಭಾರ, ಮೇಲೆ ಸಿಗ್ನಲ್ ಬಿಟ್ಟ ಕೂಡಲೇ ಹಾರುವ ಚಟ ಎಲ್ಲರಿಗೂ ಹತ್ತುತ್ತದೆ. ಶೋರೂಮಿನಲ್ಲಿ ಇವಿ ಸಾಲದ ಬಡ್ಡಿಗೆ ಇನ್‌ಕಂ ಟ್ಯಾಕ್ಸ್ ವಿನಾಯಿತಿ ಇದೆ ಅಂದರೆ ಕೇಳಿಸಿಕೊಂಡು ಸುಮ್ಮನಿರಿ, ಅದು 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಕ್ಕೆ ಮಾತ್ರ ಇತ್ತು. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅಂತ ಕಾನೂನಿಲ್ಲ, ಹೊರಗಿನ ಕೊಟೇಶನ್ ಫೋನಿನಲ್ಲಿ ತೋರಿಸಿ, ಅಲ್ಲೇ ಇಳಿಸುತ್ತಾರೆ. ಬ್ಯಾಟರಿ ಬಾಡಿಗೆ ಲೆಕ್ಕದಲ್ಲಿ ಗಾಡಿ ಅಗ್ಗ ಅಂತ ತೋರಿಸಿದರೆ ತಿಂಗಳಿಗೆ ಕನಿಷ್ಠ ಎಷ್ಟು ಕಿಲೋಮೀಟರಿಗೆ ದುಡ್ಡು ಕಟ್ಟಬೇಕು ಅನ್ನುವ ಸಾಲನ್ನು ಹುಡುಕಿ ಓದಿ. ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಬ್ಯಾಟರಿ ಹೆಲ್ತ್ ರಿಪೋರ್ಟ್ ಬರಹದಲ್ಲಿ ಕೇಳಿ, ಲೈಫ್‌ಟೈಮ್ ವಾರಂಟಿ ಅನ್ನುವುದು ಬಹಳ ಕಡೆ ಮೊದಲ ಮಾಲೀಕರಿಗೆ ಮಾತ್ರ.

ಎಲ್ಲಕ್ಕಿಂತ ಮುಖ್ಯ, ಹೈ ವೋಲ್ಟೇಜ್ ಕೆಲಸ ಗೊತ್ತಿರುವ ಮೆಕ್ಯಾನಿಕ್ ಶಿವಮೊಗ್ಗದಲ್ಲೇ ಇದ್ದಾರಾ ಅಂತ ಸರ್ವಿಸ್ ಸೆಂಟರಿನ ಒಳಗೆ ಹೋಗಿ ಕೇಳಿ. ಸೇಲ್ಸ್ ಹುಡುಗರನ್ನು ಕೇಳಬೇಡಿ. ಅಲ್ಲಿ ನಿಂತಿರುವ ಇವಿಗಳ ಓನರ್‌ಗಳನ್ನೇ ಮಾತಾಡಿಸಿ, ಎಷ್ಟು ದಿನದಿಂದ ಪಾರ್ಟ್ಸಿಗೆ ಕಾಯುತ್ತಿದ್ದಾರೆ ಅಂತ ಅವರೇ ಹೇಳುತ್ತಾರೆ.

ಸುಮಾ_ಶಿವಮೊಗ್ಗ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಸರ್ವಿಸ್ ಸೆಂಟರಿಗೆ ಹೋಗುತ್ತೇವೆ. ಆಂಟಿ ಹತ್ತಿರ ಮತ್ತೆ ಮಾತಾಡಿದೆ. ಆರ್‌ಸಿಸಿಬಿ ಬಗ್ಗೆ ವಿನಾಯಕ ಅವರು ಬರೆದದ್ದನ್ನು ಓದಿ ಹೇಳಿದ್ದಕ್ಕೆ "ಅದನ್ನು ನಮ್ಮ ಮನೆಗೂ ಹಾಕಿಸಬಹುದಾ" ಅಂತ ಕೇಳಿದರು. ಎಷ್ಟು ಆಂಪಿನದು ತರಬೇಕು?

ವೈರಿಂಗ್_ವಿನಾಯಕ

ನಿಮ್ಮ ಚಾರ್ಜರ್ ಲೈನಿಗೆ 25 ಆಂಪ್, 30 ಮಿಲಿಆಂಪ್ ಕರೆಂಟು ಸೋರಿದರೆ ಕಟ್ ಮಾಡುವಂಥದ್ದು. ಟೈಪ್ ಎ ಅಂತಲೇ ಕೇಳಿ, ಅಂಗಡಿಯವರು ಟೈಪ್ ಎಸಿ ಕೊಟ್ಟು ಕಳಿಸುತ್ತಾರೆ. ಆಂಟಿ ಮನೆಗೆ ಎಷ್ಟು ಅನ್ನುವುದು ಅವರ ಬೋರ್ಡ್ ನೋಡದೆ ಹೇಳಲು ಆಗೋಲ್ಲ, ಒಂದು ಫೋಟೋ ಹಾಕಿ.